ಮೂಲೆಗೆ ಮೂಲೆ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವರಿಬ್ಬರನ್ನು ಯಾರೂ ಬೇರೆ ಬೇರೆಯಾಗಿ ಕರೆದದ್ದೇ ಇಲ್ಲ. ‘ದೊಡ್ಡವಳು-ಚಿಕ್ಕವಳು ಬಂದ್ರಾ?’ ‘ಆ ಟ್ರಾಲಿ ದೊಡ್ಡವಳು-ಚಿಕ್ಕವಳ ಟೇಬಲ್ಲಿಗೆ ತಳ್ಳು.’ ನೀರು ಕುಡಿಯಲು ಒಬ್ಬಳೇ ಎದ್ದು ಹೋದರೆ ಇಸ್ತ್ರಿ ಮಾಡುವ ರೋಲರ್ ಯಂತ್ರದ ಬಳಿ ನಿಲ್ಲುವವನು, “ಏನಮ್ಮ, ಅರ್ಧ ಮಾತ್ರ ಬಂದಿದೀಯ?” ಎಂದು ಕೇಳುತ್ತಿದ್ದ. ಬೆಡ್‌ಶೀಟು ಮಡಿಸುವ ಕೆಲಸವೇ ಹಾಗೆ, ಒಬ್ಬರಿಂದ ಆಗುವುದಲ್ಲ. ರೋಲರು ಬಿಸಿಬಿಸಿಯಾಗಿ ಉಗುಳಿದ ಶೀಟಿನ ಎರಡು ಮೂಲೆ ಒಬ್ಬಳ ಕೈಗೆ, ಎರಡು ಮೂಲೆ ಇನ್ನೊಬ್ಬಳ ಕೈಗೆ. ಹಿಂದೆ ಸರಿದು ಎಳೆಯಬೇಕು, ಕೈ ಮೇಲೆತ್ತಿ ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಎಳೆದು ಮತ್ತೆ ಕೂಡಿಸಬೇಕು. ಆಮೇಲೆ ಎದುರುಬದುರಾಗಿ ನಡೆದು ಬಂದು ಚಿಕ್ಕವಳು ತನ್ನ ತುದಿಯನ್ನು ದೊಡ್ಡವಳ ಕೈಗಿಟ್ಟು, ಬಗ್ಗಿ, ಜೋತುಬಿದ್ದ ಮಡಿಕೆಯನ್ನು ಎತ್ತಿಕೊಡಬೇಕು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ರೋಲರು ಇನ್ನೊಂದನ್ನು ಉಗುಳಿರುತ್ತದೆ.

ಮಾತೂ ಹಾಗೆಯೇ ಮಡಿಕೆ ಮಡಿಕೆಯಾಗಿ. ಯಂತ್ರಗಳ ಗದ್ದಲದಲ್ಲಿ ದೂರ ನಿಂತು ಆಡಿದ್ದು ಕೇಳಿಸುವುದಿಲ್ಲ. ಹತ್ತಿರ ಬಂದಾಗ ಒಂದು ಮಾತು, ಅದಕ್ಕೆ ಉತ್ತರ ಮುಂದಿನ ಶೀಟಿಗೆ. ಮನೆಯ ಜಗಳವೊಂದನ್ನು ಹೇಳಿ ಮುಗಿಸಲು ಒಂದು ಟ್ರಾಲಿಯೇ ಬೇಕು.

“ನಿಮ್ಮತ್ತೆ ಏನಂದ್ರು?”

ಒಂದು ಶೀಟು.

“ನಾನು ಕೆಲಸಕ್ಕೆ ಬರೋದಕ್ಕೇ ಮಗು ಸಣ್ಣಗಾಗ್ತಿದೆ ಅಂತೆ ಅಕ್ಕ.”

ಇನ್ನೊಂದು ಶೀಟು.

“ಅವರ ಮಗ ಗುಂಡುಗುಂಡಗೆ ಇದಾನಲ್ಲ, ಅವರೂ ಕೆಲಸಕ್ಕೆ ಹೋಗ್ತಿದ್ರು ತಾನೇ?”

ಮತ್ತೊಂದು.

“ಇಲ್ಲ. ಮನೇಲೇ ಇದ್ರು.”

“ಹಂಗಾದ್ರೆ ಬಿಡು, ಸೋತೆ.”

ಈ ಕೆಲಸ ಇಷ್ಟವೋ ಕಷ್ಟವೋ ಎಂದು ಚಿಕ್ಕವಳನ್ನು ಯಾರಾದರೂ ಕೇಳಿದ್ದರೆ ಅವಳು ತಬ್ಬಿಬ್ಬಾಗುತ್ತಿದ್ದಳು. ಅದು ಇತ್ತು, ಅಷ್ಟೆ. ಮದುವೆಗೆ ಮೊದಲು ಸಿಕ್ಕಿತ್ತು, ಹೆರಿಗೆಯಾದ ಮೇಲೂ ಬಿಟ್ಟುಹೋಗಿರಲಿಲ್ಲ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮೂಗಿಗೆ ಬಡಿಯುವ ಸೋಪಿನ ಹಬೆ, ಸಂಜೆಯಾಗುವಷ್ಟರಲ್ಲಿ ಒಣಗಿ ಬಿರಿಯುವ ಬೆರಳ ತುದಿ, ಮನೆಗೆ ಹೋದ ಮೇಲೂ ಕಾಲಲ್ಲಿ ನಿಲ್ಲದ ಯಂತ್ರದ ನಡುಕ. ಇವುಗಳನ್ನು ದ್ವೇಷಿಸಲು ಕೂಡ ಸ್ವಲ್ಪ ಬಿಡುವು ಬೇಕು. ಅವಳ ತಲೆಯಲ್ಲಿ ಬೇರೆಯದೇ ಓಡುತ್ತಿರುತ್ತಿತ್ತು. ಮಗು ಮಧ್ಯಾಹ್ನ ಉಂಡಿತೋ ಇಲ್ಲವೋ. ಅತ್ತೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದರೋ ಇಲ್ಲವೋ. ನಿನ್ನೆ ಮಗು ಎರಡು ಸಲ ಸೀನಿತ್ತು, ಅದು ಧೂಳಿಗೋ ಶೀತಕ್ಕೋ. ‘ನಿನ್ನ ತಲೆಯೊಳಗೆ ರೋಲರ್ ಇದೆ ಕಣೆ, ಆರಿಸೋ ಗುಂಡಿ ಮಾತ್ರ ಇಲ್ಲ’ ಎಂದು ದೊಡ್ಡವಳು ನಗುತ್ತಿದ್ದಳು.

ಆ ನಗು ಈಚೆಗೆ ಕಡಿಮೆಯಾಗಿತ್ತು. ದೊಡ್ಡವಳ ಬಲಗೈ ಸೊಂಟದಿಂದ ಮೇಲೆ ಏಳುತ್ತಿರಲಿಲ್ಲ. ಅವಳಾಗಿ ಹೇಳಿದ್ದಲ್ಲ. ಒಂದು ದಿನ ಮೂಲೆ ಕೂಡಿಸುವಾಗ ಅವಳ ಮುಖ ಹಿಂಡಿದಂತಾದದ್ದನ್ನು ಚಿಕ್ಕವಳು ಕಂಡಳು. ಮರುದಿನ ನೋಡಿದರೆ ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಟೇಬಲ್ಲಿನ ಮೇಲೆ ಇಡುತ್ತಿದ್ದಳು, ಯಾರದೋ ಸಾಮಾನನ್ನು ಎತ್ತಿಡುವ ಹಾಗೆ. ಚಿಕ್ಕವಳು ತನ್ನ ಮೂಲೆಗಳನ್ನು ತಗ್ಗಿಸಿದಳು, ಅಷ್ಟೆ. ಅಂದಿನಿಂದ ಇಬ್ಬರೂ ಸೊಂಟದ ಮಟ್ಟದಲ್ಲೇ ಮಡಿಸತೊಡಗಿದರು.

ಸೊಂಟದ ಮಟ್ಟದಲ್ಲಿ ಹಿಡಿದರೆ ಶೀಟು ನಡುವೆ ಜೋತುಬೀಳುತ್ತದೆ. ಲಾಂಡ್ರಿಯಲ್ಲಿ ಬರೆದಿಡದ ಕಾನೂನೊಂದಿತ್ತು: ನೆಲ ಮುಟ್ಟಿದ್ದು ನೀರಿಗೆ. ತೊಳೆದು ಇಸ್ತ್ರಿಯಾದ ಶೀಟಿನ ಒಂದಂಚು ನೆಲಕ್ಕೆ ತಾಗಿದರೂ ಅದು ಮತ್ತೆ ತೊಳೆಯಲು ಹೋಗಬೇಕು. ಏಕೆಂದರೆ ಆ ನೆಲದ ಮೇಲೆಯೇ ಕೊಳೆ ಟ್ರಾಲಿಗಳೂ ಓಡಾಡುತ್ತವೆ. ಹಾಗಾಗಿ ಜೋಲು ಬೀಳದಂತೆ ಚಿಕ್ಕವಳು ಮೈಯೆಲ್ಲ ಹಿಂದಕ್ಕೆ ವಾಲಿಸಿ ಎಳೆಯುತ್ತಿದ್ದಳು. ಒಂದೂವರೆ ಆಳಿನ ಕೆಲಸ ಅವಳದು, ಅರ್ಧ ಆಳಿನದು ದೊಡ್ಡವಳದು. ಮಧ್ಯಾಹ್ನದ ಹೊತ್ತಿಗೆ ಅವಳ ಬೆನ್ನು ಹಲಗೆಯಂತಾಗುತ್ತಿತ್ತು.

ಮೇಲಿನವರಿಗೆ ತಿಳಿದರೆ ದೊಡ್ಡವಳನ್ನು ಎಲ್ಲಿಗೆ ಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಡಿಸಲಾಗದ ಕೈಗಳೆಲ್ಲ ಹೋಗುವುದು ಕೊಳೆ ಕೋಣೆಗೆ. ವಾರ್ಡುಗಳಿಂದ ಇಳಿದು ಬಂದ ಗಂಟುಗಳನ್ನು ಅಲ್ಲಿ ಬಿಚ್ಚಿ ಬೇರೆ ಮಾಡಬೇಕು. ರಕ್ತದ್ದು ಒಂದು ಕಡೆ, ಉಳಿದದ್ದು ಒಂದು ಕಡೆ. ‘ಉಳಿದದ್ದು’ ಏನೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ದೊಡ್ಡವಳು ಹರೆಯದಲ್ಲಿ ಶುರು ಮಾಡಿದ್ದೇ ಅಲ್ಲಿಂದ. ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡು ಮನೆಗೆ ಹೋದರೂ ತನ್ನ ಮಗ ಮೊಲೆಗೆ ಬಾಯಿ ಹಾಕದೆ ಮುಖ ತಿರುಗಿಸುತ್ತಿದ್ದ ಎಂದು ಅವಳು ಒಂದೇ ಒಂದು ಸಲ ಹೇಳಿದ್ದಳು. ಅದನ್ನು ಹೇಳಿ ಮುಗಿಸಲು ಎರಡು ಶೀಟು ಸಾಕಾಗಿತ್ತು. “ಸಾಯೋಕಾದ್ರೂ ಹೋದೇನು, ಆ ಕೋಣೆಗೆ ಮಾತ್ರ ಹೋಗಲ್ಲ ಕಣೆ,” ಎಂದು ಮೂರನೆಯದಕ್ಕೆ ಮಾತು ಮುಗಿಸಿದ್ದಳು.

ಹೀಗಿರುವಾಗ ಚಿಕ್ಕವಳಿಗೆ ಮೇಲಿನಿಂದ ಒಂದು ಆಸೆ ತೋರಿಸಿದ್ದರು.

ಲಾಂಡ್ರಿಯ ಸೂಪರ್‌ವೈಸರನ್ನು ಹಿಂದಿನಿಂದ ಎಲ್ಲರೂ ಇಸ್ತ್ರಿ ಮೇಡಂ ಎನ್ನುತ್ತಿದ್ದರು. ಅವರ ಉಡುಪಿನಲ್ಲಿ ಸುಕ್ಕಿರಲಿಲ್ಲ, ಮಾತಿನಲ್ಲೂ ಇರಲಿಲ್ಲ. ಅವರು ಚಿಕ್ಕವಳನ್ನು ಕರೆದು, “ಮಕ್ಕಳ ವಾರ್ಡಿನ ಬಟ್ಟೆ ಕಪಾಟು ನೋಡ್ಕೊಳ್ಳೋಳು ತಿಂಗಳ ಕೊನೆಗೆ ಊರು ಬಿಡ್ತಿದ್ದಾಳೆ. ಕೂತು ಮಾಡೋ ಕೆಲಸ. ಸಿಸ್ಟರ್‌ಗಳು ಕೇಳಿದಾಗ ಶೀಟು ಕೊಡೋದು, ಅಷ್ಟೆ. ನೀನು ಮಗು ಇರೋಳು. ನಿನಗೇ ಕೊಡೋಣ ಅಂತಿದೀನಿ,” ಎಂದಿದ್ದರು.

ಅವಳು ಅದನ್ನು ಗಂಡನಿಗೆ ಮಾತ್ರ ಹೇಳಿದಳು. ಅವನು ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುವವನು. ಅರ್ಧ ನಿದ್ದೆಯಲ್ಲಿದ್ದ, ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು.

“ಕಿಟಕಿ ಇದೆಯಾ ಅಲ್ಲಿ?” ಎಂದು ಕೇಳಿದ.

“ಇದೆ.”

“ಮತ್ತೇನು ಯೋಚನೆ? ಹೋಗು.”

ಯೋಚನೆ ಇದ್ದದ್ದು ದೊಡ್ಡವಳದು. ತಾನು ಮೇಲೆ ಹೋದರೆ ಅವಳ ಎದುರಿಗೆ ಬೇರೆ ಯಾರಾದರೂ ಬಂದು ನಿಲ್ಲುತ್ತಾರೆ. ಮೊದಲ ಶೀಟಿಗೇ ಗುಟ್ಟು ರಟ್ಟು. ಅತ್ತ ದರಿ, ಇತ್ತ ಪುಲಿ. ಎದುರು ನಿಂತು ದಿನವೆಲ್ಲ ಮುಖ ನೋಡುವವಳಿಗೆ ಆ ಕಪಾಟಿನ ಕುರ್ಚಿಯ ಮಾತನ್ನು ಹೇಳದೆ ನುಂಗಿಕೊಳ್ಳುವುದು, ಒಂದೂವರೆ ಆಳಿನ ಕೆಲಸಕ್ಕಿಂತ ಅವಳಿಗೆ ಹೆಚ್ಚು ದಣಿವು ತರುತ್ತಿತ್ತು. ಕೆಲವು ಸಲ ಎಳೆಯುವಾಗ ಸಿಟ್ಟೂ ಬರುತ್ತಿತ್ತು. ಇವಳ ಕೈಗೆ ಇವಳದೇ ಮಗ ಇಲ್ಲವೆ, ಸೊಸೆ ಇಲ್ಲವೆ, ನನ್ನ ಬೆನ್ನೇ ಬೇಕೆ? ಮುಂದಿನ ಶೀಟಿಗೆ ಹತ್ತಿರ ಬಂದ ದೊಡ್ಡವಳು, “ಪುಟ್ಟಿ ಉಂಡಳಾ ನಿನ್ನೆ?” ಎಂದು ಕೇಳಿದಾಗ ಆ ಸಿಟ್ಟಿಗೆ ಮುಖ ಇಲ್ಲದಂತಾಗುತ್ತಿತ್ತು.

ಒಂದು ದಿನ ಮಗುವಿಗೆ ಜ್ವರ ಬಂತು. ಇಡೀ ಇರುಳು ಹೆಗಲ ಮೇಲೆ ಹಾಕಿಕೊಂಡು ಓಡಾಡಿದ್ದಾಯಿತು. ಬೆಳಿಗ್ಗೆ ಮೈ ಸ್ವಲ್ಪ ತಣ್ಣಗಾಗಿತ್ತು, ಕಣ್ಣುಗಳು ಮಾತ್ರ ಬಾಡಿದ್ದವು. ರಜೆ ಹಾಕೋಣವೆಂದರೆ, ಅವಳು ಹೋಗದಿದ್ದರೆ ದೊಡ್ಡವಳ ಎದುರಿಗೆ ಬೇರೆಯವರನ್ನು ನಿಲ್ಲಿಸುತ್ತಾರೆ. ಕೈಚೀಲ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು.

“ಹೋಗಮ್ಮ, ಹೋಗು,” ಎಂದರು ಅತ್ತೆ, ಮಗುವನ್ನು ಮಡಿಲಿಗೆ ಎಳೆದುಕೊಳ್ಳುತ್ತ. “ಊರಿನ ಕಾಯಿಲೆಯವರ ಬಟ್ಟೆ ನೀನು ನೋಡ್ಕೋ. ಮನೇಲಿರೋ ಕಾಯಿಲೆ ನಾನು ನೋಡ್ಕೋತೀನಿ.”

“ಔಷಧಿ ಎರಡು ಸಲ ಅತ್ತೆ. ಊಟ ಆದ್ಮೇಲೆ. ಖಾಲಿ ಹೊಟ್ಟೆಗೆ ಬೇಡ.”

“ನಿನ್ನ ಗಂಡನ್ನ ಸಾಕಿದ್ದು ಯಾರು? ಪಕ್ಕದ ಮನೆಯವರಾ?”

ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ. ಚಮಚವನ್ನು ತೊಳೆದು ಇಟ್ಟಿದ್ದೆನೋ ಇಲ್ಲವೋ.

ಆ ಬೆಳಿಗ್ಗೆಯ ಎರಡನೆಯ ಟ್ರಾಲಿ ಮಕ್ಕಳ ವಾರ್ಡಿನದು. ಸಣ್ಣ ಮಂಚಗಳ ಶೀಟುಗಳಾದರೂ ಎಳೆಯುವುದು ಎಳೆಯುವುದೇ. ಅರ್ಧ ಟ್ರಾಲಿ ಮುಗಿದಿರಬೇಕು. ಹಿಂದಕ್ಕೆ ವಾಲಿ ನಿಂತಿದ್ದವಳಿಗೆ ರೆಪ್ಪೆ ಕೂಡಿಕೊಂಡಿತು. ತೆರೆದಾಗ ಶೀಟಿನ ನಡು ನೆಲದ ಮೇಲಿತ್ತು. ತಾಗಿ ಹೋದದ್ದಲ್ಲ, ಅಂಗೈಯಗಲ ಚೆನ್ನಾಗಿ ಕೂತಿತ್ತು, ಆಗಷ್ಟೇ ಕೊಳೆ ಟ್ರಾಲಿಯ ಗಾಲಿ ಹಾದುಹೋದ ಒದ್ದೆ ಗೆರೆಯ ಮೇಲೆ.

ಇಬ್ಬರೂ ನೋಡಿದರು. ಬೇರೆ ಯಾರೂ ನೋಡಲಿಲ್ಲ. ಹಾಗೇ ಎತ್ತಿ ತೊಳೆಯುವ ತೊಟ್ಟಿಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಿದ್ದದ್ದು ತೊಟ್ಟಿಗೆ ಬಂದರೆ ರೋಲರಿನವನು, ‘ಯಾರದು, ಯಾಕೆ ಬಿತ್ತು?’ ಎಂದು ಕೂಗುತ್ತಾನೆ. ಆ ವಾರ ಆಗಲೇ ಎರಡು ಸಲ ಕೂಗಿದ್ದ, ಮೂರನೆಯದು ಮೇಡಂ ಕಿವಿಗೆ ಬೀಳುತ್ತಿತ್ತು. ಕೈಗಳು ತಲೆಯನ್ನು ಕೇಳಲಿಲ್ಲ. ಮೂಲೆಗೆ ಮೂಲೆ ಕೂಡಿಸಿದವು, ಹತ್ತಿರ ಬಂದವು, ಮಡಿಸಿದವು, ಕಟ್ಟಿನ ಮೇಲಿಟ್ಟವು. ಹತ್ತಿರ ಬಂದಾಗ ಇಬ್ಬರೂ ಮಾತಾಡಲಿಲ್ಲ. ಟ್ರಾಲಿ ಲಿಫ್ಟಿನಲ್ಲಿ ಮೇಲೆ ಹೋಯಿತು.

ಊಟದ ಹೊತ್ತಿಗೆ ಅವಳು ಮನೆಗೆ ಫೋನ್ ಮಾಡಿದಳು.

“ಮಲಗಿದೆ,” ಎಂದರು ಅತ್ತೆ. “ನೀನು ಫೋನ್ ಮಾಡಿ ಎಬ್ಬಿಸಬೇಡ.”

ಮಲಗಿದೆ ಎಂದದ್ದೇ ಅವಳಿಗೆ ಮಗುವಿನ ಕೆನ್ನೆ ಕಣ್ಣಿಗೆ ಕಟ್ಟಿತು. ಬೋರಲು ಮಲಗುವ ಮಗು ಅದು, ಕೆನ್ನೆಯನ್ನು ಹಾಸಿಗೆಗೆ ಒತ್ತಿಕೊಂಡು, ಬಾಯಿ ಅರ್ಧ ತೆರೆದು. ಮೇಲಿನ ವಾರ್ಡಿನಲ್ಲೂ ಯಾವುದೋ ಮಗು ಹಾಗೆಯೇ ಕೆನ್ನೆ ಒತ್ತಿ ಮಲಗುತ್ತದೆ. ಡಬ್ಬಿಯ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿದಳು.

“ಎಲ್ಲಿಗೆ?” ಎಂದಳು ದೊಡ್ಡವಳು.

“ಬರ್ತೀನಿ ಅಕ್ಕ.”

ದೊಡ್ಡವಳಿಗೆ ಅರ್ಥವಾಯಿತು. ತಡೆಯಲಿಲ್ಲ. “ಮೆಟ್ಟಿಲಲ್ಲಿ ಹೋಗು, ಲಿಫ್ಟಿನವನು ಕೇಳ್ತಾನೆ,” ಎಂದಳು.

ಮಕ್ಕಳ ವಾರ್ಡಿನ ಮೂಲೆಯಲ್ಲಿತ್ತು ಆ ಕಪಾಟು. ಅದರ ಪಕ್ಕದಲ್ಲಿ ಕಿಟಕಿ, ಕಿಟಕಿಯ ಪಕ್ಕ ಕುರ್ಚಿ. ಕುರ್ಚಿಯವಳು ಊಟಕ್ಕೆ ಹೋಗಿದ್ದಳು. ಮೆಟ್ಟಿಲು ಹತ್ತಿ ಬಂದ ಚಿಕ್ಕವಳು ಏದುಸಿರು ಬಿಡುತ್ತ ಕೂತೇಬಿಟ್ಟಳು. ಕೂತದ್ದೇ ತಡ, ಕಾಲಿನೊಳಗಿನ ನಡುಕ ನಿಂತಿತು. ಮಗ್ಗುಲಿನಿಂದ ಬೆಳಕು ಬೀಳುತ್ತಿತ್ತು. ಕಿಟಕಿಯಾಚೆ ಏನಿದೆಯೆಂದು ನೋಡಲು ತಲೆ ಎತ್ತುವಷ್ಟೂ ತ್ರಾಣವಿರಲಿಲ್ಲ. ಇಲ್ಲಿ ಯಾರೂ ಎದುರಿಗೆ ನಿಂತು ಎಳೆಯುವುದಿಲ್ಲ. ಸುಮ್ಮನೆ ಕೂತು ಚಮಚ ತೊಳೆದಿದ್ದೆನೋ ಇಲ್ಲವೋ ಎಂದು ದಿನವಿಡೀ ಚಿಂತಿಸಬಹುದು. ಹಾಗೇ ಕಣ್ಣು ಮುಚ್ಚಿಹೋಗುತ್ತಿತ್ತು. ಅಷ್ಟರಲ್ಲಿ ಎಲ್ಲೋ ಒಂದು ಮಗು ಅತ್ತಿತು. ಎದ್ದಳು.

ಕಪಾಟಿನ ತುಂಬ ಶೀಟುಗಳು, ಎಲ್ಲವೂ ಬಿಳಿ. ಆದರೆ ತಮ್ಮ ಟೇಬಲ್ಲಿನವು ಯಾವುವೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಸೊಂಟದ ಮಟ್ಟದಲ್ಲಿ ಮಡಿಸಿದವುಗಳಲ್ಲಿ ಮೂಲೆ ಪೂರ್ತಿ ಕೂಡುವುದಿಲ್ಲ, ಕೆಳಗಿನ ಅಂಚು ಬೆರಳಗಲ ಇಣುಕುತ್ತದೆ. ಹಾಗೆ ಇಣುಕುವ ಕಟ್ಟು ಎದುರಿಗೇ ಇತ್ತು. ಅದರಲ್ಲಿ ಬಿದ್ದದ್ದು ಯಾವುದು? ಒದ್ದೆ ಒಣಗಿಹೋಗಿತ್ತು. ಮೇಲಿನದು ಬಿಚ್ಚಿ ನೋಡಿದಳು, ಅದರ ಕೆಳಗಿನದು ನೋಡಿದಳು, ಎಲ್ಲದರ ಮೇಲೂ ಕಲೆ ಇದ್ದಂತೆಯೂ ಕಂಡಿತು, ಇಲ್ಲದಂತೆಯೂ ಕಂಡಿತು. ಕೊನೆಗೆ ಇಡೀ ಕಟ್ಟನ್ನೇ ಎದೆಗವಚಿಕೊಂಡು ತಿರುಗಿದಳು.

ವಾರ್ಡಿನ ಬಾಗಿಲ ಹತ್ತಿರದ ಮಂಚದ ಬಳಿ ಒಬ್ಬ ಸಿಸ್ಟರ್ ಹೊಸ ಶೀಟು ಕೊಡವುತ್ತಿದ್ದರು. ಪಕ್ಕದಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ತಾಯಿ ನಿಂತಿದ್ದಳು, ಇಡೀ ಇರುಳು ಹಾಗೇ ನಿಂತಿದ್ದವಳ ಹಾಗೆ. ಸಿಸ್ಟರ್ ಕೈಯಲ್ಲಿದ್ದದ್ದೂ ಇವರ ಟೇಬಲ್ಲಿನದೇ. ನಡುವಿನ ಮಡಿಕೆಯ ಗೆರೆ ಓರೆಯಾಗಿತ್ತು.

“ಸಿಸ್ಟರ್, ಅದು ಬೇಡ.”

“ಯಾಕೆ?”

ಬೇರೆ ಏನಾದರೂ ಹೇಳಬಹುದಿತ್ತು. ಹರಿದಿದೆ ಎನ್ನಬಹುದಿತ್ತು. “ಬಿದ್ದಿತ್ತು. ಇವುಗಳಲ್ಲಿ ಒಂದು. ಯಾವುದು ಅಂತ ಗೊತ್ತಿಲ್ಲ,” ಎಂದಳು.

“ಬಿದ್ದದ್ದನ್ನ ಮೇಲೆ ಕಳಿಸ್ತೀರಾ? ಮಕ್ಕಳ ವಾರ್ಡಿಗೆ?” ಸಿಸ್ಟರ್ ಶೀಟನ್ನು ಮುದ್ದೆ ಮಾಡಿ ಅವಳ ಕೈಗೆ ಎಸೆದರು. ಅದು ನಾಟಲಿಲ್ಲ. ನಾಟಿದ್ದು ಆ ತಾಯಿಯ ನೋಟ. ಅವಳು ಮಗುವಿನ ಬೆನ್ನ ಮೇಲಿದ್ದ ಕೈಯನ್ನು ಇನ್ನೊಂದಿಷ್ಟು ಅಗಲವಾಗಿ ಹರಡಿಕೊಂಡಳು.

ಮಧ್ಯಾಹ್ನ ಇಸ್ತ್ರಿ ಮೇಡಂ ಟೇಬಲ್ಲಿನ ಹತ್ತಿರ ಬಂದರು.

“ಒಂದು ಶೀಟು ಬಿದ್ರೆ ಒಂದು ಶೀಟು ವಾಪಸ್ ಬರಬೇಕು. ಇಡೀ ಕಟ್ಟು ಹೇಗೆ ಬಂತು?”

“ಯಾವುದು ಅಂತ ಗೊತ್ತಾಗ್ಲಿಲ್ಲ ಮೇಡಂ,” ಎಂದಳು ಚಿಕ್ಕವಳು.

“ಬಿದ್ದಾಗ ಗೊತ್ತಿತ್ತಲ್ಲ? ಆಗ ಯಾಕೆ ನೀರಿಗೆ ಹಾಕ್ಲಿಲ್ಲ?”

“ತಪ್ಪಾಯ್ತು. ರಾತ್ರಿ ಮಗೂಗೆ ಜ್ವರ. ತೂಕಡಿಕೆ ಬಂತು. ನನ್ನ ಕೈಯಿಂದಲೇ ಜಾರಿದ್ದು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ದೊಡ್ಡವಳ ಎಡಗೈ ಆಗಲೇ ಅವಳ ಬಲ ಹೆಗಲ ಮೇಲಿತ್ತು. ಮೇಡಂ ಅದನ್ನು ನೋಡಿದರೋ, ಇಲ್ಲವೋ. “ಒಂದು ಮಡಿಸಿ, ನಾನು ನೋಡ್ತೀನಿ,” ಎಂದರು.

ಇಬ್ಬರೂ ಮೂಲೆ ಹಿಡಿದು ಹಿಂದೆ ಸರಿದರು.

“ಇಷ್ಟು ಕೆಳಗೆ ಯಾಕೆ? ಎತ್ತಿ ಮೇಲೆ.”

ಚಿಕ್ಕವಳು ತನ್ನ ಕೈಗಳನ್ನು ಎತ್ತಿದಳು. ಬಹಳ ದಿನಗಳ ಮೇಲೆ ಎತ್ತಿದ್ದರಿಂದ ಅವು ತನ್ನವಲ್ಲ ಎನ್ನಿಸಿತು. ಎತ್ತಿದ ಶೀಟಿನ ಮೇಲಿನಿಂದ ದೊಡ್ಡವಳ ಮುಖ ಕಾಣುತ್ತಿತ್ತು. ದೊಡ್ಡವಳು ಎತ್ತಲಿಲ್ಲ. ಮಡಿಕೆ ಮುಗಿದೇಹೋಯಿತು ಎಂಬಂತೆ ಮುಂದೆ ನಡೆದು ಬಂದಳು, ತನ್ನ ಎರಡೂ ಮೂಲೆಗಳನ್ನು ಜೋಪಾನವಾಗಿ ಚಿಕ್ಕವಳ ಕೈಗೆ ಇಟ್ಟಳು. ನೆಲಕ್ಕೆ ತಾಗಗೊಡಲಿಲ್ಲ.

“ಏಳಲ್ಲ ಮೇಡಂ.”

“ಏನು ಏಳಲ್ಲ?”

“ಕೈ. ಎದ್ದು ಬಹಳ ದಿನ ಆಯ್ತು. ಇವಳು ಶೀಟಿನ ಜೊತೆ ನನ್ನನ್ನೂ ಎಳ್ಕೊಂಡು ಮಡಿಸ್ತಿದ್ಲು. ನನಗೂ ಸಾಕಾಗಿದೆ.”

ರೋಲರಿನವನು ಬೇಕೆಂದೇ ಬೆನ್ನು ತಿರುಗಿಸಿ ನಿಂತ. ಮೇಡಂ ಸುತ್ತ ನೋಡಿದರು, ಪಕ್ಕದಲ್ಲಿ ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕುಳಿತರು. ಅವರು ಕುಳಿತದ್ದನ್ನು ಆ ಲಾಂಡ್ರಿಯಲ್ಲಿ ಯಾರೂ ಕಂಡಿರಲಿಲ್ಲ. ಮೊಣಕಾಲನ್ನು ಕೈಯಿಂದ ಒತ್ತಿಕೊಂಡರು. ಅವರ ಉಡುಪಿನ ಮೇಲೆ ಸುಕ್ಕು ಎದ್ದಿತು.

“ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ಕೊಳೆ ಕೋಣೆ.”

“ಹೌದು,” ಎಂದರು ಮೇಡಂ. “ಅಲ್ಲಿಗೇ ಕಳಿಸ್ತಿದ್ದೆ. ಸುಳ್ಳು ಯಾಕೆ ಹೇಳಲಿ? ಬೇರೆ ಜಾಗ ಎಲ್ಲಿದೆ?”

ಎಂದವರು ಚಿಕ್ಕವಳ ಕಡೆ ನೋಡಿದರು. ಬೇರೆ ಜಾಗ ಎಲ್ಲಿದೆ ಎಂದು ಅಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದವರನ್ನು ಯಾರು ಬೈಯುತ್ತಾರೆ? ರೋಲರು ಒಂದು ಶೀಟು ಉಗುಳಿತು, ಅದರ ಮೇಲೆ ಇನ್ನೊಂದು. ಚಿಕ್ಕವಳ ಕಾಲಿಗೆ ಆ ಕುರ್ಚಿಯ ನೆನಪಿತ್ತು. ಕಣ್ಣಿಗೆ ಮಾತ್ರ ಮಗುವಿನ ಬೆನ್ನ ಮೇಲೆ ಅಗಲವಾಗಿ ಹರಡಿದ ಆ ಕೈ ಕಾಣುತ್ತಿತ್ತು. ಈ ಕೈ, ಆ ಕೈ, ಯಾರಿಗೂ ಹೇಳಬಾರದ ಕುರ್ಚಿ, ಎಲ್ಲ ಮುಗಿದು ಒಮ್ಮೆ ಮನೆಗೆ ಹೋದರೆ ಸಾಕು ಎನ್ನಿಸಿತು.

“ಕಪಾಟಿನ ಕುರ್ಚಿ ಇದೆಯಲ್ಲ ಮೇಡಂ,” ಎಂದು ಯಾರೋ ಅಂದರು. ಅಂದವಳು ತಾನೇ ಎಂದು ತಿಳಿಯಲು ಅವಳಿಗೊಂದು ಗಳಿಗೆ ಬೇಕಾಯಿತು.

“ಯಾವ ಕುರ್ಚಿ?” ಎಂದಳು ದೊಡ್ಡವಳು.

“ಇವಳಿಗೆ ಅಂತ ಇಟ್ಟಿದ್ದೆ,” ಎಂದರು ಮೇಡಂ, ಬುಟ್ಟಿಯಿಂದ ಏಳುತ್ತ. ಏಳಲು ಟೇಬಲ್ಲಿನ ಆಸರೆ ಬೇಕಾಯಿತು. “ನಾನು ಮೇಲೆ ಮಾತಾಡ್ತೀನಿ. ಅಲ್ಲಿವರೆಗೂ ಬಿದ್ದದ್ದು ಒಂದಂಚೂ ಲಿಫ್ಟ್ ಹತ್ತಬಾರದು.”

ಸಂಜೆ ಗೇಟಿನವರೆಗೂ ಇಬ್ಬರೂ ಜೊತೆಗೇ ನಡೆದರು. ಗದ್ದಲವಿಲ್ಲದ ಕಡೆ ಅಕ್ಕಪಕ್ಕ ನಡೆಯುತ್ತ ಮಾತಾಡುವುದು ಅವರಿಗೆ ಅಭ್ಯಾಸವಿರಲಿಲ್ಲ. ಒಬ್ಬಳು ಒಂದು ಮಾತಾಡಿ ನಿಲ್ಲಿಸುವಳು, ಇನ್ನೊಬ್ಬಳು ನಾಲ್ಕು ಹೆಜ್ಜೆ ಬಿಟ್ಟು ಉತ್ತರಿಸುವಳು.

“ನನಗೆ ಹೇಳ್ಲೇ ಇಲ್ಲ. ಕಳ್ಳಿ.”

“ನೀವು ಹೇಳಿದ್ರಾ ಕೈ ವಿಷಯ? ನಾನೇ ಕಂಡುಹಿಡಿದದ್ದು.”

“ಮನಸ್ಸಲ್ಲಿ ಬೈಕೋತಿದೀಯಾ ನನ್ನ?”

“ಆಗ್ಲಿಂದ.”

“ಬೈಕೋ. ಬಾಯಿ ಬಿಟ್ಟು ಮಾತ್ರ ಬೈಬೇಡ. ಇವತ್ತು ತಡ್ಕೊಳ್ಳಲ್ಲ ನಾನು.”

ಮನೆಯಲ್ಲಿ ಮಗುವಿನ ಜ್ವರ ಇಳಿದಿತ್ತು. ಚಮಚವೂ ತೊಳೆದೇ ಇತ್ತು. ಅತ್ತೆ ಗೆದ್ದವರ ಹಾಗೆ ಔಷಧಿಯ ಬಾಟಲಿಯನ್ನು ಎತ್ತಿ ತೋರಿಸಿ ಒಳಗೆ ಹೋದರು. ಗಂಡನಿಗೆ ಅವಳು ವಿಷಯ ಹೇಳಿದಳು. ಅವನು ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತ, “ನಮ್ಮ ಒಲೆ ಮುಂದೇನೂ ಕಿಟಕಿ ಇಲ್ಲ,” ಎಂದ. ಅದು ಸಮಾಧಾನವೋ, ಪೈಪೋಟಿಯೋ ಅವಳಿಗೆ ಗೊತ್ತಾಗಲಿಲ್ಲ. ಮಗು ಅವಳ ಬೆನ್ನ ಮೇಲೆ ಹತ್ತಿ ಕೂತಿತ್ತು. ಬೆನ್ನು ನೋಯುತ್ತಿತ್ತು. ಇಳಿಸಲಿಲ್ಲ.

ತಿಂಗಳ ಕೊನೆಗೆ ದೊಡ್ಡವಳು ಮೇಲೆ ಹೋದಳು. ಟೇಬಲ್ಲಿಗೆ ಹೊಸಬಳೊಬ್ಬಳು ಬಂದಳು. ಉದ್ದನೆಯ ಹುಡುಗಿ, ಕೈಯಲ್ಲಿ ಬಲವಿತ್ತು, ಬಾಯಲ್ಲಿ ಮಾತಿರಲಿಲ್ಲ. ಅವಳು ತಲೆಯ ಮೇಲೆ ಎತ್ತಿದರೆ ಚಿಕ್ಕವಳ ಕೈ ಅಭ್ಯಾಸದಿಂದ ಸೊಂಟದಲ್ಲೇ ನಿಲ್ಲುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. “ಎತ್ತಕ್ಕ,” ಎನ್ನುತ್ತಿದ್ದಳು ಹುಡುಗಿ. ಎತ್ತಿದರೆ ಭುಜದೊಳಗೆ ಏನೋ ಕಟಕ್ಕೆನ್ನುತ್ತಿತ್ತು. ಇನ್ನು ಇದೊಂದು ಚಿಂತೆ. ಇದು ದಣಿವೋ, ಅಕ್ಕನಿಗೆ ಶುರುವಾದದ್ದೂ ಹೀಗೆಯೋ. ಅಕ್ಕ ಎಂದು ಕರೆಸಿಕೊಳ್ಳುವ ಸರದಿ ಇಷ್ಟು ಬೇಗ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಒಂದು ದಿನ ಮಕ್ಕಳ ವಾರ್ಡಿನಿಂದ ಮಡಿಸಿದ ಶೀಟೊಂದು ವಾಪಸ್ಸು ಬಂತು. ಟ್ರಾಲಿಯವನು ಅದನ್ನು ಟೇಬಲ್ಲಿನ ಮೇಲಿಟ್ಟು, “ಮೂಲೆ ಕೂಡಿಲ್ಲವಂತೆ. ಸರಿಯಾಗಿ ಮಡಿಸಿ ಕಳಿಸಬೇಕಂತೆ,” ಎಂದ. ಮರುದಿನ ಎರಡು ಬಂದವು. ಅದರ ಮರುದಿನ ಮೂರು.

“ನಿನ್ನ ಅರ್ಧ ಮೇಲೆ ಹೋಗಿ ಮೇಡಂ ಆಗ್ಬಿಟ್ಟಿದೆ,” ಎಂದು ರೋಲರಿನವನು ನಕ್ಕ. “ಕೂತ ಜಾಗ ಮಾತಾಡಿಸುತ್ತೆ.”

ಅವಳಿಗೆ ಮೈ ಉರಿದುಹೋಯಿತು. ಬಿಡಿಸಿ ನೋಡಿದಳು, ಮೂಲೆಗಳು ಸರಿಯಾಗಿಯೇ ಕೂಡಿದ್ದವು. ತನ್ನ ಕುರ್ಚಿಯಲ್ಲಿ ಕೂತು ತನಗೇ ಓರೆ ತೋರಿಸುತ್ತಾಳೆಯೆ? ಊಟದ ಹೊತ್ತಿಗೆ ಆ ಮೂರನ್ನೂ ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದಳು. ಆಡಬೇಕಾದ ಮಾತುಗಳನ್ನು ಮಹಡಿಗೊಂದರಂತೆ ಜೋಡಿಸಿಕೊಂಡಿದ್ದಳು.

ದೊಡ್ಡವಳು ಕುರ್ಚಿಯಲ್ಲಿ ಕೂತಿದ್ದಳು, ಬಲಗೈಯನ್ನು ಮಡಿಲಲ್ಲಿ ಮಲಗಿಸಿಕೊಂಡು. ಇವಳನ್ನು ಕಂಡದ್ದೇ ಮುಖ ಅರಳಿತು.

“ಅಬ್ಬ! ಬಂದ್ಯಾ? ಮೂರು ಕಳಿಸ್ಬೇಕಾಯ್ತು ನಿನ್ನ ಬರಿಸೋಕೆ!”

“ಏನಿದೆ ಅಕ್ಕ ಇದರಲ್ಲಿ ಓರೆ? ತೋರಿಸಿ.”

“ಏನೂ ಇಲ್ಲ. ಗೆರೆ ಹೊಡೆದಂಗಿದೆ.” ದೊಡ್ಡವಳು ತಗ್ಗಿದ ದನಿಯಲ್ಲಿ ಹೇಳಿದಳು. “ಕೂತು ಕೂತು ಸಾಕಾಗಿದೆ ಕಣೆ. ಸಿಸ್ಟರ್‌ಗಳು ‘ಎರಡು ಕೊಡಿ’ ಅಂತಾರೆ, ಹೋಗ್ತಾರೆ. ‘ನಾಲ್ಕು ಕೊಡಿ’ ಅಂತಾರೆ, ಹೋಗ್ತಾರೆ. ಮಾತು ಅಂತ ಒಂದಿಲ್ಲ. ಬೈಯೋಕಾದ್ರೂ ಬರ್ತೀಯ ಅಂತ ಕಳಿಸ್ದೆ. ಬೈಯಿ.”

ಜೋಡಿಸಿಟ್ಟ ಮಾತುಗಳೆಲ್ಲ ಕೆಳಗಿನ ಮಹಡಿಗಳಲ್ಲೇ ಉಳಿದುಹೋಗಿದ್ದವು. ಚಿಕ್ಕವಳು ಗೋಡೆಗೆ ಒರಗಿದಳು.

“ಕಿಟಕಿ ಹೇಗಿದೆ ಅಕ್ಕ?”

“ಏನು ಕಿಟಕಿ. ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಮಧ್ಯಾಹ್ನ ಒಂಚೂರು ಬಿಸಿಲು ಬೀಳುತ್ತೆ, ಹೋಗುತ್ತೆ.”

ದೂರದ ಬೆಟ್ಟ ನುಣ್ಣಗೆ ಎಂದುಕೊಂಡಳು. ಆದರೂ ಆ ಕುರ್ಚಿಯನ್ನು ಇನ್ನೊಮ್ಮೆ ನೋಡಿದಳು. ಗೋಡೆಯೇ ಇರಲಿ, ಕಾಲಿಗೆ ಗೋಡೆ ಕಾಣುತ್ತದೆಯೆ? ದೊಡ್ಡವಳಿಗೆ ಅದೂ ತಿಳಿಯಿತೋ ಏನೋ, ಎದ್ದು ನಿಂತು, “ಕೂತ್ಕೋ ಒಂದು ಗಳಿಗೆ,” ಎಂದಳು.

“ಬೇಡ. ಕೂತ್ರೆ ಏಳಲ್ಲ ನಾನು. ಬನ್ನಿ, ಇವನ್ನ ಮಡಿಸೋಣ. ಬಿಚ್ಚಿಬಿಟ್ಟಿದೀನಿ ನೋಡೋಕೆ.”

ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದರು. ಕೈಗಳು ತಾವಾಗಿಯೇ ಸೊಂಟದ ಮಟ್ಟಕ್ಕೆ ಇಳಿದವು. ವಾರ್ಡಿನಲ್ಲಿ ಯಂತ್ರದ ಗದ್ದಲವಿರಲಿಲ್ಲ, ದೂರ ನಿಂತೂ ಮಾತಾಡಬಹುದಿತ್ತು. ಆದರೂ ಇಬ್ಬರೂ ಹತ್ತಿರ ಬರುವವರೆಗೆ ಕಾದರು.

“ಪುಟ್ಟಿ?”

ಮೊದಲ ಶೀಟು ಮುಗಿಯಿತು.

“ಚೆನ್ನಾಗಿದ್ದಾಳೆ. ನಿನ್ನೆ ಒಂದು ಸಲ ಕೆಮ್ಮಿದ್ಲು. ಅದೇ ಯೋಚನೆ.”

ಎರಡನೆಯದು.

“ನೀನು ಭುಜ ಯಾಕೆ ಹಾಗೆ ಹಿಡಿದಿದೀಯ?”

ಮೂರನೆಯದನ್ನು ಚಿಕ್ಕವಳು ಉತ್ತರಿಸದೆ ಮಡಿಸಿದಳು. ಬಗ್ಗಿ, ಜೋತುಬಿದ್ದ ಮಡಿಕೆಯನ್ನು ಎತ್ತಿಕೊಟ್ಟಳು. ದೊಡ್ಡವಳು ಶೀಟನ್ನು ಕಪಾಟಿನೊಳಗೆ ಇಡುತ್ತ, “ನಾಳೆ ಎಷ್ಟು ಕಳಿಸ್ಲಿ?” ಎಂದಳು.

“ಒಂದು ಸಾಕು ಅಕ್ಕ,” ಎಂದಳು ಚಿಕ್ಕವಳು, ಮೆಟ್ಟಿಲಿನ ಕಂಬಿ ಹಿಡಿದುಕೊಳ್ಳುತ್ತ. “ಒಂದಕ್ಕೇ ಬರ್ತೀನಿ.”